ಪದವಿನ ನೀರಿನಲ್ಲಿ ಮೋತಿ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಆಸಾಮಿ ನಾನಲ್ಲ. ವೈದ್ಯಕೀಯ ಓದಿ ಬಂದ ಹೊಸದರಲ್ಲಂತೂ ನನ್ನ ಬಾಯಿ ಸ್ವಲ್ಪ ಜೋರೇ ಇತ್ತು. ಯಾರಾದರೂ ಬುದ್ಧಿಗೆ ನಿಲುಕದ ಸಂಗತಿ ಹೇಳಿದರೆ, ನಾಲಿಗೆ ಚಾಚಿ ನೋಡೋಣ ಎಂದು ಗೇಲಿ ಮಾಡುತ್ತಿದ್ದೆ. ಇದನ್ನು ಓದಿ ನೀವು ನನಗೆ ಹಾಗೆಯೇ ಹೇಳಿದರೆ ನನಗೇನೂ ಬೇಸರವಿಲ್ಲ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಕ್ಲಿನಿಕ್ಕು ಶುರು ಮಾಡಿದ್ದೆ. ರೋಗಿಗಳ ಮನೆಗಳೆಲ್ಲ ಗುಡ್ಡೆಯ ಆಚೆ ಈಚೆ. ಅಲ್ಲಿಗೆ ಬಸ್ಸಿಲ್ಲ, ಸೈಕಲ್ಲನ್ನು ನಾನೇ ಹೊತ್ತುಕೊಂಡು ಹೋಗಬೇಕಿತ್ತು. ಆಗ ನನ್ನ ಕೈಹಿಡಿದವರು ಸಾಲು ಎಂಬ ಹೆಸರಿನ ಪೊರ್ಬುಗಳು; ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಬೆಂಗಳೂರಿನ ದಂಡಿನಲ್ಲಿ ಆಯುಸ್ಸಿಡೀ ಕುದುರೆ ಲಾಯ ನೋಡಿಕೊಂಡು, ನಿವೃತ್ತರಾಗಿ ಬರುವಾಗ ಒಂದು ಕಂದು ಹೆಣ್ಣು ಕುದುರೆಯನ್ನೂ ಊರಿಗೆ ತಂದಿದ್ದ ಕೊಂಕಣಿ ಮುದುಕರು. ಅದರ ಹೆಸರು ಮೋತಿ. ಅವರು ಕಾಪುವಿನಲ್ಲಿರುವ ಮಗಳ ಮನೆಗೆ ಹೋಗಿ ಇರುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಕುದುರೆ ಕಟ್ಟಲು ಜಾಗವಿಲ್ಲ. ಹಾಗಾಗಿ ಮೋತಿಯನ್ನು ನನಗೆ ಕೊಡಲು ಒಪ್ಪಿದರು, ಆದರೆ ತಾವೇ ನನಗೆ ಸವಾರಿ ಕಲಿಸಿದ ಮೇಲೆಯೇ ಎಂದು ಹಟ ಹಿಡಿದರು.

ಮೊದಲ ಹದಿನೈದು ದಿನ ಕುದುರೆಯ ಬೆನ್ನೇರಲು ಬಿಡಲಿಲ್ಲ. ಅದು ಹುರುಳಿ ತಿನ್ನುವಾಗ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಕುತ್ತಿಗೆಯ ಮೇಲೆ ಕೈಯಿಟ್ಟು, ಅದರ ಉಸಿರಿಗೆ ನನ್ನ ಉಸಿರು ಹೊಂದುವ ತನಕ ಕಾಯಬೇಕು. ಸ್ಟೆತಸ್ಕೋಪು ನೇತುಹಾಕಿಕೊಂಡು ಕುದುರೆಯ ಮುಂದೆ ಧ್ಯಾನಸ್ಥನಾಗಿ ನಿಂತ ನನ್ನನ್ನು ನೋಡಿ ದಾರಿಹೋಕರು ನಗುತ್ತಿದ್ದರು. ಚಾಟಿಯ ಮಾತೇ ಇಲ್ಲ. ಪೊರ್ಬುಗಳದ್ದು ಒಂದೇ ಕಟ್ಟುನಿಟ್ಟಿನ ನಿಯಮ: ಲಗಾಮನ್ನು ಅದರ ಕುತ್ತಿಗೆಯ ಮೇಲೆ ಬಿಟ್ಟುಕೊಟ್ಟೆವೋ, ಅಲ್ಲಿಗೆ ತೀರ್ಮಾನ ಅದರದ್ದು. ತಾನಾಗಿ ನಿಲ್ಲುವ ತನಕ ಮತ್ತೆ ಎಳೆಯಕೂಡದು. ಒಮ್ಮೆ ನಾನು ಅವಸರಕ್ಕೆ ಬಿದ್ದು ಬಿಟ್ಟ ಲಗಾಮನ್ನು ಎಳೆದೆ. ಮೂರು ದಿನ ಮೋತಿ ನನ್ನನ್ನು ಹತ್ತಿರ ಸೇರಿಸಲಿಲ್ಲ. ನಾಲ್ಕನೆಯ ದಿನ ಅದಾಗಿಯೇ ಬಂದು ಮೂತಿಯನ್ನು ನನ್ನ ಹೆಗಲಿಗೆ ಇಟ್ಟಿತು. ಅಂದಿನಿಂದ ಅದು ಎಲ್ಲಿ ಹೋದರೂ ನನಗೆ ಭಯವಿಲ್ಲ ಎಂದುಕೊಂಡಿದ್ದೆ.

ಆ ವರ್ಷದ ಆಟಿ ತಿಂಗಳ ಜಡಿಮಳೆಯ ಒಂದು ಮಧ್ಯಾಹ್ನ ಸಂಜೀವ ಎಂಬ ಗೇಣಿ ಒಕ್ಕಲಿನವನು ತಲೆ ಬೆನ್ನು ಮುಚ್ಚುವ ಎಲೆಯ ಗೊರಬು ಹೊದ್ದುಕೊಂಡು ಓಡಿ ಬಂದ. ತಂಗಿಗೆ ಚೊಚ್ಚಲ ಹೆರಿಗೆ, ಹಿಂದಿನ ರಾತ್ರಿಯಿಂದ ನೋವು. ಮಗುವಿನ ಒಂದು ಕೈ ಮಾತ್ರ ಹೊರಗೆ ಬಂದಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ ಎಂದ. ಹೊಳೆ ಉಕ್ಕಿದ್ದರಿಂದ ಗುಡ್ಡೆ ಬಳಸಿಕೊಂಡು ಬರಲು ಅವನಿಗೆ ಮೂರು ಗಂಟೆ ಹಿಡಿದಿತ್ತು. ಕುದುರೆಯಲ್ಲಿ ಹೋದರೂ ಎರಡು ಗಂಟೆ ಬೇಕು. ಅಷ್ಟು ಹೊತ್ತು ತಾಯಿ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಉಳಿದದ್ದು ಪದವಿನ ಮೇಲಿನ ಅಡ್ಡದಾರಿ. ಅಲ್ಲಿಂದಾದರೆ ಅರ್ಧ ಗಂಟೆ.

ಪದವು ಎಂದರೆ ಗುಡ್ಡೆಯ ನೆತ್ತಿಯಲ್ಲಿರುವ ಕೆಂಪು ಮುರಕಲ್ಲಿನ ಬಯಲು. ಮಣಿಪಾಲದ ಕಡೆ ಕಟ್ಟಡಗಳು ಏಳುತ್ತಿದ್ದ ಕಾಲವದು, ಕಲ್ಲಿಗೆ ಎಲ್ಲಿಲ್ಲದ ಬೇಡಿಕೆ. ಆ ಬೇಸಿಗೆಯಲ್ಲಷ್ಟೇ ಪದವಿನ ತುಂಬ ಕಲ್ಲಿನ ಕೋರೆ ತೋಡಿದ್ದರು. ಎರಡಾಳು ಆಳ, ಗೋಡೆಯ ಹಾಗೆ ನೆಟ್ಟಗಿನ ಬದಿ. ಈಗ ಅವೆಲ್ಲ ತುಂಬಿ, ನೀರು ಮೇಲೆ ಹರಿದು, ಇಡೀ ಪದವು ಒಂದೇ ಕೆಂಪು ಕೆರೆಯಾಗಿತ್ತು. ಕೋರೆ ಎಲ್ಲಿ, ನೆಲ ಎಲ್ಲಿ ಎಂದು ಮೇಲುನೋಟಕ್ಕೆ ತಿಳಿಯುವಂತಿರಲಿಲ್ಲ. ಹಿಂದಿನ ವಾರವೇ ಎರಡು ದನಗಳು ಮುಳುಗಿದ್ದವು.

“ಇಲ್ಲಿಂದ ಬೇಡ ಡಾಕ್ಟ್ರೇ,” ಎಂದ, ಮೋತಿಯ ಪಕ್ಕದಲ್ಲೇ ನೀರಿನ ಅಂಚಿನ ತನಕ ಓಡಿ ಬಂದಿದ್ದ ಸಂಜೀವ. “ಅವಳು ಹೋದರೆ ಒಬ್ಬಳು. ನೀವೂ ಹೋದರೆ ಊರಿಗೆ ಯಾರುಂಟು?”

ಮೋತಿಯ ಕುತ್ತಿಗೆಯ ಮೇಲೆ ಕೈಯಿಟ್ಟೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅದರ ಉಸಿರು ಮಾತ್ರ ಲಾಯದಲ್ಲಿ ನಿಂತಾಗ ಇದ್ದಷ್ಟೇ ನಿಧಾನವಾಗಿತ್ತು. ಲಗಾಮು ಬಿಟ್ಟುಕೊಟ್ಟೆ. ಅದು ನೀರಿಗೆ ಇಳಿಯಿತು. ಸಂಜೀವನೂ ಅದರ ಬಾಲ ಹಿಡಿದು ಹಿಂದೆ ಬಂದ.

ಸ್ವಲ್ಪ ದೂರ ನೇರ ಹೋಗಿ ಎಡಕ್ಕೆ ತಿರುಗಿತು. ಮತ್ತೆ ಬಲಕ್ಕೆ. ಒಂದೆಡೆ ನಿಂತು, ಬಂದ ದಿಕ್ಕಿಗೇ ಹೊರಳಿ ನಡೆಯಿತು. ಗೊರಸು ಕಲ್ಲಿಗೆ ತಾಗುವ ಟಕಟಕ ಸದ್ದು ನೀರಿನಡಿಯಿಂದ ಒಂದೇ ಸಮನೆ ಬರುತ್ತಿತ್ತು. ಅಕ್ಕಪಕ್ಕದಲ್ಲಿ ಮಳೆ ಆಳದ ನೀರಿನ ಮೇಲೆ ಬೀಳುವ ದಪ್ಪ ಸದ್ದು. ಲಗಾಮಿಗೆ ಕೈ ಹಾಕಬೇಕೆಂದು ಎಷ್ಟು ಸಲ ಅನಿಸಿತೋ, ಹಾಕಲಿಲ್ಲ. ಕೊನೆಗೆ ಗೊರಸಿನ ಸದ್ದು ಮೆತ್ತಗಾಯಿತು. ಆಚೆ ಬದಿಯ ಮಣ್ಣು ಸಿಕ್ಕಿತ್ತು.

ಆ ಹೆರಿಗೆಯ ವಿವರ ಇಲ್ಲಿ ಬೇಡ. ಮಗುವನ್ನು ಒಳಗೇ ತಿರುಗಿಸಿ, ಕಾಲು ಹಿಡಿದು ತೆಗೆದೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಜಗಲಿಯಲ್ಲಿ ಸಂಜೀವ ಅಳುತ್ತಾ ಕೂತಿದ್ದ. ಗೊರಬಿನಡಿಯಿಂದ ಕುದುರೆಯ ಹಿಂಗಾಲು ಬಿಟ್ಟು ತನಗೆ ಬೇರೇನೂ ಕಾಣುತ್ತಿರಲಿಲ್ಲ, ಅದು ಮಾತ್ರ ಒಂದು ಸಲವೂ ಇಟ್ಟ ಕಾಲನ್ನು ಹಿಂದೆಗೆಯಲಿಲ್ಲ, ತಡವಿ ನೋಡಲೂ ಇಲ್ಲ ಎಂದ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ನಾವಿಬ್ಬರೂ ಹೋಗಿ ಆ ಜಾಗ ನೋಡಿದೆವು. ಕೋರೆ ಕೋರೆಗಳ ನಡುವೆ ಉಳಿದ ಕಲ್ಲು ಕೆಲವು ಕಡೆ ಒಂದು ಚಾಪೆಯಷ್ಟೂ ಅಗಲವಿರಲಿಲ್ಲ.

ಪ್ರಾಣಿಗಳಿಗೆ ನಮಗಿಂತ ಸೂಕ್ಷ್ಮ ದೃಷ್ಟಿ ಇರುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಉಡುಪಿಯಿಂದ ದನದ ಡಾಕ್ಟರೊಬ್ಬರು ಊರಿಗೆ ಬಂದಿದ್ದರು. ಮೋತಿಯನ್ನು ನೋಡಿ, ಅದರ ಕಣ್ಣಿಗೆ ಟಾರ್ಚು ಬಿಟ್ಟು, ಮುಖದ ಹತ್ತಿರ ಕೈ ಬೀಸಿ, ನನ್ನತ್ತ ತಿರುಗಿದರು. ಎರಡೂ ಕಣ್ಣಿನ ನರ ಸತ್ತಿದೆ, ಹೊರಗಿನಿಂದ ತಿಳಿಯುವುದಿಲ್ಲ, ಕುರುಡಾಗಿ ವರ್ಷಗಳೇ ಆಗಿರಬೇಕು ಎಂದರು. ನಾನು ಡಾಕ್ಟರು. ದಿನವೂ ಹತ್ತಾರು ಜನರ ಕಣ್ಣಿಗೆ ಟಾರ್ಚು ಬಿಡುವವನು. ಅದು ಹೊಸ ಜಾಗದಲ್ಲಿ ಕಿವಿ ನಿಮಿರಿಸಿ ನಿಲ್ಲುವುದನ್ನು ಒಳ್ಳೆಯ ನಡತೆ ಎಂದುಕೊಂಡಿದ್ದೆ!

ಮರುದಿನವೇ ಪಡುಬಿದ್ರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಓಡಿದೆ. ಸಾಲು ಪೊರ್ಬುಗಳು ಹಾಸಿಗೆ ಹಿಡಿದಿದ್ದರು. ಪದವು ದಾಟಿದ್ದನ್ನೆಲ್ಲ ಹೇಳಿ, ಕುದುರೆ ಕುರುಡೆಂದು ಯಾಕೆ ತಿಳಿಸಲಿಲ್ಲ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

“ಹೇಳಿದ್ದರೆ ನೀವು ಅದನ್ನು ನಂಬುತ್ತಿದ್ದಿರಾ?” ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, “ಇದರಲ್ಲಿ ಎಂತ ಆಶ್ಚರ್ಯ ಉಂಟು ಡಾಕ್ಟ್ರೇ? ಸವಾರ ಎಲ್ಲಿ ನೋಡುತ್ತಾನೋ ಅವನ ಮೈ ಅಲ್ಲಿಗೆ ವಾಲುತ್ತದೆ. ಅದು ಕುದುರೆಗೆ ಬೆನ್ನಿನಲ್ಲಿ ತಿಳಿಯುತ್ತದೆ. ಅಷ್ಟು ವರ್ಷ ಅದು ನನ್ನ ಕಣ್ಣಿನಿಂದ ನೋಡಿತು, ಆ ದಿನ ನಿಮ್ಮ ಕಣ್ಣಿನಿಂದ ನೋಡಿತು,” ಎಂದರು.

ಅವರ ಮುಖದಲ್ಲಿ ಎಂಥದೋ ನೆಮ್ಮದಿಯಿತ್ತು. ನಾನು ಹೌದೆಂದು ತಲೆಯಾಡಿಸಿ ಎದ್ದು ಬಂದೆ. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು. ಮೋತಿ ಇನ್ನೂ ಆರು ವರ್ಷ ನನ್ನನ್ನು ಹೊತ್ತು ತಿರುಗಿತು.

ಆ ಮುದುಕರ ಮುಂದೆ ಹೇಳಲು ನಾಚಿಕೆಯಾಗಿ ಉಳಿಸಿಕೊಂಡದ್ದನ್ನು ಈಗ ನಿಮಗೆ ಹೇಳುತ್ತೇನೆ. ಲಗಾಮು ಬಿಟ್ಟ ಗಳಿಗೆಯಿಂದ ಆಚೆಯ ಮಣ್ಣು ಸಿಗುವ ತನಕ, ಹೆದರಿಕೆಯಿಂದ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಆ ನೀರಿನ ಮೇಲೆ ದಾರಿ ನೋಡುತ್ತಿದ್ದವರು ನಮ್ಮ ಮೂವರಲ್ಲಿ ಯಾರೂ ಇರಲಿಲ್ಲ.