ಉಡಿಯಲ್ಲಿ ಹೋದ ಮೂರು ಮುಖದ ನಾಣ್ಯ

೧೯೫೬ನೆಯ ಇಸವಿ, ನವೆಂಬರ್ ಒಂದು, ಗುರುವಾರ. ಆಧಾರ: ಆ ವರ್ಷದ ರಾಜ್ಯ ಪುನರ್ವಿಂಗಡಣಾ ಕಾಯ್ದೆ, ವಾರವನ್ನು ಮಾತ್ರ ಹಳೆಯ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅಂದು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಹೈದರಾಬಾದ್ ರಾಜ್ಯವನ್ನು ಬಿಟ್ಟು ಹೊಸ ಮೈಸೂರು ರಾಜ್ಯಕ್ಕೆ ಸೇರಿದವು. ‘ಮೈಸೂರು’ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರ ನವೆಂಬರ್ ಒಂದರಂದು. ನಡುವಿನ ಹದಿನೇಳು ವರ್ಷಗಳ ಈ ಅಂತರವೇ ನನ್ನನ್ನೂ ನನ್ನ ಬೀಗರನ್ನೂ ಕೊನೆಗೆ ಬಸ್ಸಿನ ಒಂದೇ ಸೀಟಿನಲ್ಲಿ ಕೂಡಿಸಿತು.

ರಾಜ್ಯ ಹುಟ್ಟಿ ಐವತ್ತು ವರ್ಷವಾದಾಗ ಮೂರೂ ತಾಲೂಕುಗಳ ಕೆಲವು ಉತ್ಸಾಹಿಗಳು ಸಮಿತಿ ಮಾಡಿಕೊಂಡು ನೆನಪಿನ ನಾಣ್ಯವೊಂದನ್ನು ಅಚ್ಚು ಹಾಕಿಸಿದರು. ಒಂದು ಬದಿಗೆ ರಾಜ್ಯದ ಹೆಸರು ಮತ್ತು ದಿನಾಂಕ. ಇನ್ನೊಂದು ಬದಿಗೆ ತಾಲೂಕಿಗೊಬ್ಬರಂತೆ ಮೊದಲ ತಲೆಮಾರಿನ ಮೂವರು ಮುಖಂಡರು. ಯಾರ ಮುಖ ಮುಂದೆ ಬರಬೇಕೆಂದು ಜಗಳವಾದ್ದರಿಂದ, ಒಂದೇ ಕೊರಳಿನಿಂದ ಮೂರು ತಲೆ ಹೊರಟಂತೆ ಕೆತ್ತುವುದೆಂದಾಯಿತು. ಆಮೇಲೆ ಎದುರಿಗೆ ನೋಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅಚ್ಚು ಕೊರೆಯುವವನು ಮೂವರಿಗೂ ಒಂದೇ ಮೂಗು, ಒಂದೇ ಮೀಸೆ ಕೊಟ್ಟು ಆ ವಿವಾದವನ್ನು ಮುಗಿಸಿದನು.

ನಾಣ್ಯದ ಕರಡಿನಲ್ಲಿ ‘ಕರ್ನಾಟಕ ರಾಜ್ಯ, ೧-೧೧-೧೯೫೬’ ಎಂದಿತ್ತು. ತುಂಬಿದ ಸಭೆಯಲ್ಲಿ ಎದ್ದು ನಿಂತು, ಅದು ತಪ್ಪೆಂದು ತೋರಿಸಿ, ‘ಮೈಸೂರು ರಾಜ್ಯ’ ಎಂದು ತಿದ್ದಿಸಿದವನು ನಾನು. ನಾನು ಕುಳಿತಿದ್ದ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿದ್ದುದೂ ನನಗೆ ನೆನಪಿದೆ. ಸ್ವತಃ ತಿದ್ದಿಸಿದ್ದನ್ನು ಮತ್ತೆ ಪರಿಶೀಲಿಸುವ ಅಗತ್ಯ ಕಾಣದೆ, ನನ್ನ ಪಾಲಿಗೆ ಬಂದ ನಾಣ್ಯವನ್ನು ನೇರವಾಗಿ ಟ್ರಂಕಿಗೆ ಸೇರಿಸಿದ್ದೆ.

ಈಗ ಮೂರು ತಾಲೂಕುಗಳ ಚರಿತ್ರೆಯ ಸಂಪುಟವೊಂದು ಅಚ್ಚಿಗೆ ಹೊರಟಿದೆ. ಅದರಲ್ಲಿ ನನ್ನದೊಂದು ಅಧ್ಯಾಯ, ಅಧ್ಯಾಯದ ಕೊನೆಗೆ ಈ ತಿದ್ದುಪಡಿಯ ಕುರಿತು ಒಂದು ಅಡಿಟಿಪ್ಪಣಿ. ಜೀವಮಾನವೆಲ್ಲ ಪರರ ತಾರೀಖುಗಳನ್ನು ತಿದ್ದಿದವನ ಹೆಸರಿನಲ್ಲಿ ಉಳಿಯಬಹುದಾದ ಸಾರ್ವಜನಿಕ ಕಾರ್ಯ ಅದೊಂದೇ. ಕರಡು ನೋಡುವ ಹೊಣೆ ನನ್ನ ಮಗಳ ಮಾವನವರದು. ಅವರು ಜೇವರ್ಗಿಯ ನಿವೃತ್ತ ಇತಿಹಾಸ ಶಿಕ್ಷಕರು. ಟಿಪ್ಪಣಿಯ ಪಕ್ಕದಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ತಿದ್ದಿಸಿದವನು ನಾನು. ಲೇಖಕರು ಅಂದು ಸಭೆಗೆ ತಡವಾಗಿ ಬಂದರು.’

ಸಂಪಾದಕರು ಇಬ್ಬರ ಮಾತನ್ನೂ ಕೇಳಿ, ವಾರದೊಳಗೆ ನಾಣ್ಯದ ಚಿತ್ರ ಕಳಿಸಿದರೆ ಮಾತ್ರ ಟಿಪ್ಪಣಿ ಉಳಿಯುತ್ತದೆ, ಯಾರ ಹೆಸರೆಂಬುದನ್ನು ನೀವೇ ಇತ್ಯರ್ಥ ಮಾಡಿಕೊಳ್ಳಿ ಎಂದರು. ಬೀಗರ ನಾಣ್ಯ ಮನೆ ಬದಲಿಸುವಾಗ ಕಳೆದಿತ್ತು. ನಾನು ಆಳಂದದ ನಮ್ಮ ಮನೆಯಲ್ಲಿ ಟ್ರಂಕು ತೆಗೆದು ನೋಡಿದರೆ ಡಬ್ಬಿ ಇತ್ತು, ನಾಣ್ಯ ಇರಲಿಲ್ಲ. ಹೆಂಡತಿಯನ್ನು ಕೇಳಿದೆ.

“ತಂಗಿಗೆ ಉಡಿ ತುಂಬೂ ಮುಂದ ಮನ್ಯಾಗ ಚಿಲ್ಲರ ಇರ್ಲಿಲ್ರಿ,” ಎಂದಳು. “ಮೂರು ಮಾರಿ ನೋಡಿ ದತ್ತಾತ್ರೇಯಪ್ಪ ಅಂತ ತಿಳ್ಕೊಂಡೆ. ಗಾಣಗಾಪುರದ್ದು ಇರಬೇಕಂದು ಹಾಕಿ ಕಳಿಸಿದೆ.”

ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಹೊರಟಾಗ ಅವಳ ಸೆರಗಿಗೆ ಅಕ್ಕಿ, ಖಣ, ಕೊಬ್ಬರಿ, ಉತ್ತತ್ತಿಗಳೊಡನೆ ಒಂದು ನಾಣ್ಯ ಹಾಕಿ ಉಡಿ ತುಂಬುತ್ತಾರೆ. ಉಡಿಯಲ್ಲಿ ಬಂದ ಖಣ, ನಾಣ್ಯಗಳು ಇನ್ನೊಬ್ಬರ ಉಡಿಗೆ ಹೋಗುವುದುಂಟು. ಕೊಟ್ಟವರು ಅದನ್ನು ಮರಳಿ ಕೇಳಿ ಪಡೆಯುವುದು ಮಾತ್ರ ಇಲ್ಲ.

ಅಫಜಲಪುರದ ನಾದಿನಿಗೆ ಫೋನು ಮಾಡಿದೆ. ಅವಳು ನಾಣ್ಯವನ್ನು ದೇವರ ಜಗುಲಿಯ ಮೇಲಿಟ್ಟು, ಗುರುವಾರಕ್ಕೊಮ್ಮೆ ಕುಂಕುಮವೇರಿಸಿ, ಊದುಬತ್ತಿ ಹಚ್ಚುತ್ತಿದ್ದಳಂತೆ. ಆ ಮೂವರು ಮುಖಂಡರಲ್ಲಿ ಒಬ್ಬರು ಬದುಕಿರುವವರೆಗೂ ಗುಡಿಯ ಮೆಟ್ಟಿಲು ಹತ್ತಿದವರಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೋದ ತಿಂಗಳು ನನ್ನ ಬೀಗತಿ ಗಾಣಗಾಪುರದ ದರ್ಶನ ಮುಗಿಸಿ ಅವಳ ಮನೆಗೆ ಬಂದಿದ್ದರು. ಬೀಗರ ಕಡೆಯವರೆಂಬ ಮರ್ಯಾದೆಗೆ, ಮನೆಯಲ್ಲಿದ್ದ ಅತಿ ಪವಿತ್ರ ವಸ್ತುವನ್ನೇ ಅವರ ಉಡಿಗೆ ಹಾಕಿ ಕಳಿಸಿದ್ದಳು.

ಹೀಗೆ ನನ್ನ ಸಾಕ್ಷಿ ಪ್ರತಿವಾದಿಯ ಮನೆಯಲ್ಲೇ ಇತ್ತು. ಮರುದಿನ ಗಂಡ ಹೆಂಡತಿ ಜೇವರ್ಗಿಗೆ ಹೋದೆವು.

“ಬರ್ರಿ ಬೀಗ್ರ,” ಎಂದರು ಅವರು ಬಾಗಿಲಲ್ಲೇ. “ಈ ಸಲನೂ ತಡಾ ಮಾಡಿ ಬಂದೀರಿ.”

ವಿಷಯ ತಿಳಿದ ಮೇಲೆ ಅವರು ದೇವರ ಜಗುಲಿಯಿಂದ ಪುಸ್ತಕದ ಕಪಾಟಿನವರೆಗೆ ಹುಡುಕಿದರು. ಬೀಗತಿಯವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತ, ಏನೂ ಹೇಳದೆ, ಒಳಗೆ ರೊಟ್ಟಿ ಬಡಿಯುತ್ತಿದ್ದರು. ಉಡಿಗೆಂದು ತೆಗೆದಿಟ್ಟದ್ದನ್ನು ಮೊದಲೇ ತೋರಿಸುವ ಪದ್ಧತಿ ಅವರಲ್ಲಿಲ್ಲವೆಂದು ಆಮೇಲೆ ತಿಳಿಯಿತು. ಊಟವಾಗಿ ನಾವು ಹೊರಟಾಗ ಅವರು ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಕುಂಕುಮದಲ್ಲಿ ಮುಳುಗಿದ ಮೂರು ಮೂಗು ಬಿದ್ದವು, ಮೇಲೆ ಖಣ ಬಿತ್ತು. ಇಬ್ಬರು ಚರಿತ್ರೆಕಾರರು ಒಟ್ಟಿಗೇ ಬಾಗಿದೆವು.

ಹೆಂಡತಿ ಸೆರಗನ್ನು ಒಟ್ಟುಮಾಡಿ ಸೊಂಟಕ್ಕೆ ಸಿಕ್ಕಿಸಿದಳು. “ಮನಿ ದೇವರ ಮುಂದ ಬಿಚ್ಚೂತನಕ ಉಡಿಗೆ ಯಾರೂ ಕೈ ಹಚ್ಚಂಗಿಲ್ರಿ.”

ಬೀಗರು ಒಂದು ಕ್ಷಣ ಯೋಚಿಸಿ ಚಪ್ಪಲಿ ಮೆಟ್ಟಿದರು. “ನಡೀರಿ, ನಾನೂ ಬರ್ತೇನಿ. ದಾರ್ಯಾಗ ಸಾಕ್ಷಿ ಕೆಡಬಾರ್ದು.”

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದದ ದಾರಿ ಹಿಡಿದೆವು. ಕಿಟಕಿಯ ಪಕ್ಕ ಹೆಂಡತಿ, ನಡುವೆ ನಾನು, ಈಚೆಗೆ ಭೂತಗನ್ನಡಿ ಹಿಡಿದ ಬೀಗರು. ನಾನು ಆ ಕಡೆ ತಿರುಗಿದಾಗಲೆಲ್ಲ ಅವರು ಕೆಮ್ಮುತ್ತಿದ್ದರು. ಹೆಂಡತಿಗೆ ಉಚಿತ ಟಿಕೆಟ್ಟು ಹರಿದು ಕೊಟ್ಟ ಕಂಡಕ್ಟರ್, ಒಂದೇ ಉಡಿಯ ಮೇಲೆ ಕಣ್ಣಿಟ್ಟ ಇಬ್ಬರು ಮುದುಕರನ್ನು ನೋಡಿ, ಅದರಲ್ಲಿ ಬಂಗಾರವಿದೆಯೇ ಎಂದು ಅವಳನ್ನು ಕೇಳಿದ.

“ಇಲ್ಲಪ್ಪ,” ಎಂದಳು. “ಇಬ್ಬರ ಮರ್ಯಾದಿ ಅದ.”

ಮನೆಗೆ ಬಂದು ಅವಳು ಕೈಕಾಲು ತೊಳೆದು, ದೀಪ ಹಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದು, ಹುಣಸೆಹಣ್ಣು ನೆನೆಹಾಕಿದಳು. ಯಾವುದಕ್ಕೂ ಅವಸರ ಮಾಡಲಿಲ್ಲ. ಅದರಿಂದ ನಾಣ್ಯ ತಿಕ್ಕಿದಂತೆ ಮೊದಲು ಮೂರು ಮೀಸೆ ಬೆಳ್ಳಗಾದವು. ಆಮೇಲೆ ನಾಣ್ಯ ಮಗುಚಿದಳು. ಬೀಗರು ಭೂತಗನ್ನಡಿ ಹಿಡಿದರು, ನಾನು ಓದಿದೆ. ಅನಂತರ ನಾನು ಹಿಡಿದೆ, ಅವರು ಓದಿದರು. ಅಕ್ಷರಗಳು ಬದಲಾಗಲಿಲ್ಲ: ‘ಕರ್ನಾಟಕ ರಾಜ್ಯ, ೧-೧೧-೧೯೫೬’.

ನಾನು ಭೂತಗನ್ನಡಿಯನ್ನು ಒರೆಸಿ ಕೆಳಗಿಟ್ಟೆ.

“ಹಂಗಾದ್ರ ಇಬ್ಬರೂ ಆವತ್ತ ಸಭಾಕ್ಕ ಹೋಗಿ ಏನ್ ಮಾಡಿದ್ರಿ?” ಎಂದಳು ಹೆಂಡತಿ.

“ಚಹಾ ಚಲೋ ಇತ್ತು,” ಎಂದರು ಬೀಗರು ತಗ್ಗಿದ ದನಿಯಲ್ಲಿ. ಅದು ನನಗೂ ನೆನಪಿತ್ತು.

ಅಂದು ರಾತ್ರಿ ಅವರು ನಮ್ಮಲ್ಲೇ ಉಳಿದರು. ಊಟವಾದ ಮೇಲೆ ಇಬ್ಬರೂ ಕುಳಿತು, ಒಬ್ಬರು ಬರೆದುದನ್ನು ಇನ್ನೊಬ್ಬರು ಹೊಡೆದುಹಾಕುತ್ತ, ಟಿಪ್ಪಣಿಯನ್ನು ಹೊಸದಾಗಿ ಕಟ್ಟಿದೆವು. ಅದು ಸಂಪುಟದಲ್ಲಿ ಹೀಗೆ ಬರಲಿದೆ: ‘ಈ ನಾಣ್ಯದಲ್ಲಿನ ರಾಜ್ಯದ ಹೆಸರನ್ನು ಅಚ್ಚಿಗೆ ಮೊದಲೇ ತಾನು ತಿದ್ದಿಸಿದ್ದಾಗಿ ಸಭೆಯಲ್ಲಿದ್ದ ಇಬ್ಬರು ಪ್ರತ್ಯೇಕವಾಗಿ ಹೇಳುತ್ತಾರೆ. ಲಭ್ಯವಿರುವ ಏಕೈಕ ಪ್ರತಿಯಲ್ಲಿ ಅಂಥ ತಿದ್ದುಪಡಿ ಕಂಡುಬರುವುದಿಲ್ಲ.’