ಬೆಲ್ಲ ಮುಟ್ಟದ ವರ್ಷಗಳು

ನನಗೆ ಈಗ ಸಂತೋಷವನ್ನು ಇಟ್ಟುಕೊಳ್ಳಲು ಜಾಗವೇ ಸಾಲುತ್ತಿಲ್ಲ. ಸೊಸೆ ಬಾಣಂತನ ಮುಗಿಸಿ ಮೊನ್ನೆ ಮಗುವನ್ನು ಎತ್ತಿಕೊಂಡು ಬಂದಳು. ಹೆಣ್ಣು ಮಗು. ಕಿವಿ ಅದರ ಅಜ್ಜನದ್ದೇ, ಮೇಲಿನ ತುದಿ ಸ್ವಲ್ಪ ಮಡಚಿದ ಹಾಗೆ. ಆ ಕಿವಿ ನೋಡಿದ್ದೇ ನನಗೆ ಅಳು ನಗು ಎರಡೂ ಒಟ್ಟಿಗೆ ನುಗ್ಗಿ ಬಂದು, ಮಗು ಹೆದರಿ ಕಿರುಚಿತು.

ಆದರೆ ಸೊಸೆ ಮೆಟ್ಟಿಲು ಹತ್ತುವ ಮೊದಲೇ ನಾನು ಹಲಗೆಯ ಮೇಲೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಇಟ್ಟಿದ್ದೆ.

"ಎಂತ ಅತ್ತೆ ಇದು? ಮದುವೆಯಾದಲ್ಲಿಂದ ನೋಡ್ತಾ ಇದ್ದೇನೆ. ನಾನು ಎಲ್ಲಿಗೆ ಹೋಗಿ ಬಂದ್ರೂ ಬೆಲ್ಲ ನೀರು. ನಾನು ಈ ಮನೆಯವಳಾ, ನೆಂಟಳಾ?"

"ಮೊದಲು ಕುಡಿ, ಮಾರಾಯ್ತಿ" ಎಂದೆ. ಅವಳು ಕುಡಿದಳು. ಅವಳ ಪ್ರಶ್ನೆಗೆ ಉತ್ತರ ಉಂಟು, ಆದರೆ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಯುವಂಥದ್ದಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯುತ್ತಿದ್ದೇನೆ.

ಐವತ್ತರ ದಶಕದಲ್ಲಿ ನಮ್ಮ ಮನೆ ಪುತ್ತೂರಿನ ಪೇಟೆಯ ಹೊರಗಿತ್ತು. ಅಪ್ಪ ಇರಲಿಲ್ಲ. ಅಮ್ಮ, ನಾನು, ತಂಗಿ. ಮೂವರೂ ಬೀಡಿ ಕಟ್ಟುತ್ತಿದ್ದೆವು. ಮಧ್ಯಾಹ್ನದ ಊಟವಾದ ಮೇಲೆ ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ತಡಪೆ, ಅಂದರೆ ಬೀಡಿಯ ಮೊರ, ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಎಲೆ ಕತ್ತರಿಸುವ ಸದ್ದು, ಹೊಗೆಸೊಪ್ಪಿನ ಘಾಟು, ಮಧ್ಯೆ ನಾನು. ನನ್ನ ಕೈಯಲ್ಲಿ ಮಾತ್ರ ಬೀಡಿ ಇಲ್ಲ, ಕಾದಂಬರಿ. ಅವರಲ್ಲಿ ಅಕ್ಷರ ಕೂಡಿಸಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೆ. ವಕೀಲರ ಮನೆಯ ಅಮ್ಮ ತಾವು ಓದಿ ಮುಗಿಸಿದ ಕಾದಂಬರಿಗಳನ್ನು ಕೊಡುತ್ತಿದ್ದರು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಏಳುವಾಗ ಪ್ರತಿಯೊಬ್ಬಳೂ ತನ್ನ ಬೀಡಿಯಲ್ಲಿ ಒಂದು ಹಿಡಿ ನನ್ನ ತಡಪೆಗೆ ಹಾಕಿ ಹೋಗುತ್ತಿದ್ದಳು. ಹೀಗೆ ನನ್ನ ಕೂಲಿ ಹುಟ್ಟುತ್ತಿತ್ತು.

ಆ ಕಾದಂಬರಿಗಳಲ್ಲಿ ಗಂಡಸರು ಎಷ್ಟು ಮಾತನಾಡುತ್ತಿದ್ದರು! ಹುಡುಗಿ ಒಂದು ಹೆಜ್ಜೆ ಎಡವಿದರೆ ಒಂದು ಪುಟ. ಉದ್ದ ಬೆರಳು, ಗುಂಗುರು ಕೂದಲು, ಕಣ್ಣಲ್ಲಿ ಏನೋ ನೋವು. "ನೀನಿಲ್ಲದ ಈ ಬದುಕು ಬದುಕಲ್ಲ" ಎಂಬ ಸಾಲು ಬಂದಾಗ ಜಗಲಿಯಲ್ಲಿ ಕತ್ತರಿಗಳೆಲ್ಲ ನಿಲ್ಲುತ್ತಿದ್ದವು.

ಆಚೆಮನೆಯ ಮುದುಕಿಯೊಬ್ಬಳು, "ನನ್ನ ಗಂಡ ಹಾಗೆ ಹೇಳಿದ್ರೆ ಜ್ವರ ಬಂದಿದೆ ಅಂತ ಕಷಾಯ ಕಾಸ್ತಿದ್ದೆ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಯಾರೋ ಒಬ್ಬ ನನ್ನನ್ನು ನೋಡಿ, ನನ್ನನ್ನೇ ಬೇಕೆಂದು, ಅದನ್ನು ಬಾಯಿಬಿಟ್ಟು ಹೇಳುತ್ತಾನೆ ಎಂದು ನಂಬಿ ಕುಳಿತಿದ್ದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಅವನು ಬಂದೂ ಬಂದ. ಸುಳ್ಯದ ಕಡೆ ಶಾಲೆಯಲ್ಲಿ ಮಾಸ್ಟ್ರು. ಗುಂಗುರು ಕೂದಲು ಉಂಟು, ಉದ್ದ ಬೆರಳೂ ಉಂಟು. ನನ್ನನ್ನು ನೋಡಲು ಬಂದದ್ದು. ನಾನು ಒಳಗೆ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಾಗಿಲ ಸಂದಿಯಿಂದ ನೋಡುತ್ತಾ ಕುಳಿತಿದ್ದೆ.

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ ಮತ್ತು ನೀರು. ಅದಾದ ಮೇಲೆಯೇ ಮಾತು. ಅದು ಹೊರಗಿನವರಿಗೆ ಮಾಡುವ ಮರ್ಯಾದೆ. ಮನೆಯವರೇ ಆದರೆ ನೇರ ಒಳಗೆ ಹೋಗಿ ತಾವೇ ಕೊಡಪಾನದಿಂದ ಮೊಗೆದು ಕುಡಿಯುತ್ತಾರೆ. ಇನ್ನೊಂದು ಉಂಟು: ಇಟ್ಟ ಬೆಲ್ಲವನ್ನು ನೆಂಟ ಮುಟ್ಟದೆ ಎದ್ದರೆ, ಈ ಮನೆಯ ಸಂಬಂಧ ತನಗೆ ಬೇಡ ಎಂದು ಹೇಳಿದಂತೆ. ಅದರಿಂದಲೇ ಮಾತು ಬಿಟ್ಟ ಮನೆಗಳಿದ್ದವು.

ಆ ದಿನ ನಾನು ಒಳಗೆ ಕೂರಬೇಕಾದ್ದರಿಂದ ಬೆಲ್ಲ ನೀರು ತೆಗೆದುಕೊಂಡು ಹೋದದ್ದು ತಂಗಿ. ಹಳೇ ಲಂಗ, ಕೈಯಲ್ಲಿ ಹೊಗೆಸೊಪ್ಪಿನ ಕರೆ. ಮರುದಿನ ಸಂಬಂಧ ತಂದಿದ್ದ ಮಾವ ಬಂದು ಜಗಲಿಯಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡರು.

"ಎಂತ ಹೇಳುದು ಅಂತ ಗೊತ್ತಾಗುದಿಲ್ಲ. ಹುಡುಗನಿಗೆ ಬೆಲ್ಲ ತಂದ ಹುಡುಗಿ ಆಗಬಹುದಂತೆ."

ಅಮ್ಮ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದಳು. ಆಮೇಲೆ, "ಇಬ್ಬರೂ ನನ್ನ ಮಕ್ಕಳೇ ಅಲ್ವಾ" ಎಂದಳು. ಅದು ಒಪ್ಪಿಗೆ. ತಂಗಿ ಅಡಿಗೆಕೋಣೆಯಲ್ಲಿ ನನ್ನ ಕಾಲು ಹಿಡಿದು ಅತ್ತಳು. ಅವಳದೇನು ತಪ್ಪು? ಮದುವೆಗೆ ಬೆಲ್ಲ ಕುಟ್ಟಿ ಪಾಯಸಕ್ಕೆ ಹಾಕಿದವಳು ನಾನೇ. ಆ ದಿನದಿಂದ ಬೆಲ್ಲದ ವಾಸನೆ ಬಂದರೆ ನನ್ನ ಗಂಟಲು ಕಟ್ಟುತ್ತಿತ್ತು.

ಮತ್ತೆ ವರ್ಷಗಳು ಹೋದವು. ಅಕ್ಕನಿಗಿಂತ ಮೊದಲು ತಂಗಿಗೆ ಮದುವೆಯಾಯಿತೆಂದರೆ ಅಕ್ಕನಲ್ಲಿ ಏನೋ ಐಬು ಉಂಟು ಎಂದು ಊರು ತಾನಾಗಿಯೇ ತೀರ್ಮಾನ ಮಾಡುತ್ತದೆ. ನೋಡಲು ಬರುವವರು ಕಡಿಮೆಯಾಗಿ, ನಿಂತೇ ಹೋದರು. ನಾನು ಕಾದಂಬರಿ ಓದುತ್ತಲೇ ಇದ್ದೆ. ಈಗ ಓದುವಾಗ ಧ್ವನಿ ನನ್ನದಲ್ಲವೇನೋ ಎನ್ನಿಸುತ್ತಿತ್ತು. "ನೀನಿಲ್ಲದ ಈ ಬದುಕು" ಎಂಬಲ್ಲಿಗೆ ಬಂದರೆ ಪುಟ ಹಾರಿಸುತ್ತಿದ್ದೆ. ಜಗಲಿಗೆ ಬರುವ ಹುಡುಗಿಯರೆಲ್ಲ ಮದುವೆಯಾಗಿ ಹೋಗಿ, ಅವರ ಜಾಗಕ್ಕೆ ಬೇರೆ ಹುಡುಗಿಯರು ಬಂದು, ಅವರೂ ಹೋದರು. ಕನ್ನಡಿ ನೋಡುವುದನ್ನು ಬಿಟ್ಟೆ. ಬೆಳಿಗ್ಗೆ ಏಳುವಾಗ ಯಾಕೆ ಏಳಬೇಕು ಎಂದು ಅನ್ನಿಸಿ, ಅಮ್ಮನ ಕೆಮ್ಮು ಕೇಳಿ ಏಳುತ್ತಿದ್ದೆ.

ಅಮ್ಮ ತೀರಿಕೊಳ್ಳುವ ಮೊದಲು ಒಂದು ಸಂಬಂಧಕ್ಕೆ ಹೂಂ ಎಂದಿದ್ದಳು. ಪಂಜದ ಕಡೆಯವರು. ಗೋಡೆ ಕಟ್ಟುವ ಕೆಂಪು ಮುರಕಲ್ಲು ಕಡಿಯುವ ಕೆಲಸ. ಮೊದಲ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಆಗ ಅರವತ್ತರ ದಶಕ ಶುರುವಾಗಿತ್ತು, ನನಗೆ ಮೂವತ್ತು ದಾಟಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ನೋಡಲು ಬಂದಾಗ ತಲೆ ಎತ್ತಿದ್ದು ಒಂದೇ ಸಲ. ಕಂಡದ್ದು ಮಡಚಿದ ಕಿವಿ, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು, ಮೋಟು ಬೆರಳು.

ಮದುವೆಯಾಗಿ ಆ ಮನೆಗೆ ಹೋದಾಗ ಒಳಗೆ ಹೆಂಗಸರೇ ಇರಲಿಲ್ಲ. ಅವರೇ ಹಲಗೆಯ ಮೇಲೆ ಬೆಲ್ಲ, ನೀರು ಇಟ್ಟು, "ಆಸರಿಗೆ" ಎಂದು ಒಂದು ಮಾತು ಹೇಳಿ ಪಕ್ಕಕ್ಕೆ ನಿಂತರು. ಬಾಯಾರಿಕೆಗೆ ಎಂದು ಅರ್ಥ. ಮೊದಲ ದಿನವಲ್ಲವಾ, ಇರಲಿ ಎಂದುಕೊಂಡು ನೀರು ಮಾತ್ರ ಕುಡಿದೆ. ಬೆಲ್ಲ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಆದರೆ ಅದು ನಿಲ್ಲಲಿಲ್ಲ. ಪಂಜದಲ್ಲಿದ್ದ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದರೂ ಬೆಲ್ಲ ನೀರು. ತೋಡಿನಲ್ಲಿ ಬಟ್ಟೆ ಒಗೆದು ಬಂದರೂ ಬೆಲ್ಲ ನೀರು. ಅವರು ಕೆಲಸದಿಂದ ನನಗಿಂತ ಮೊದಲು ಬಂದ ದಿನವೆಲ್ಲ ಇದೇ. "ಆಸರಿಗೆ." ಮತ್ತೆ ಮಾತಿಲ್ಲ. ಜಗಲಿಯ ತುದಿಗೆ ಹೋಗಿ ಕಲ್ಲು ಕಡಿಯುವ ಪಿಕ್ಕಾಸಿನ ಬಾಯಿ ನೋಡುತ್ತಾ ಕುಳಿತುಕೊಳ್ಳುವುದು.

ನನಗೆ ಒಂದೇ ಅರ್ಥ ಹೊಳೆದದ್ದು. ಇವರಿಗೆ ಈ ಮನೆಯವಳು ಎಂದರೆ ತೀರಿಕೊಂಡವಳು. ನಾನು ಬಂದು ಹೋಗುವವಳು.

ಒಂದು ದಿನ ಕೇಳಿಯೇಬಿಟ್ಟೆ. "ನಾನು ಈ ಮನೆಗೆ ನೆಂಟಳಾ?"

"ಹಾಂ?" ಎಂದರು. ಅಷ್ಟೇ.

ಅಂದಿನಿಂದ ನೀರನ್ನೂ ಮುಟ್ಟಲಿಲ್ಲ. ಅವರ ಎದುರಿಗೇ ಹಲಗೆ ದಾಟಿ ಒಳಗೆ ಹೋಗಿ, ಕೊಡಪಾನದಿಂದ ಮೊಗೆದು ಕುಡಿಯುತ್ತಿದ್ದೆ. ನಾನು ಮನೆಯವಳು ಎಂದು ತೋರಿಸಲು. ಅವರು ಸುಮ್ಮನೆ ಎದ್ದು ಬಂದು ಆ ತುಂಡನ್ನು ಎತ್ತಿ ಡಬ್ಬಿಗೆ ಹಾಕುತ್ತಿದ್ದರು. ಮರುದಿನ ಮತ್ತೆ ಅದೇ ತುಂಡು ಹಲಗೆಯ ಮೇಲೆ.

ಹೀಗೆ ಎರಡು ಮಳೆಗಾಲ ಕಳೆಯಿತು. ಬಸಿರು ನಿಂತು, ಉಳಿಯಲಿಲ್ಲ. ಆಗಲೂ ಅವರು ಏನೂ ಹೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ ನನ್ನ ಪಕ್ಕ ಗಂಜಿ ಇಟ್ಟು ಹೋದರು. ಕಾದಂಬರಿಯ ಗಂಡಸಾಗಿದ್ದರೆ ತಲೆ ಸವರಿ ಎರಡು ಪುಟ ಮಾತಾಡುತ್ತಿದ್ದ ಎಂದು ಗಂಜಿ ತಣಿಯುವ ತನಕ ಅತ್ತೆ. ಎದ್ದು ತಿರುಗಾಡುವಂತಾದ ಮೇಲೆ, ಕಲ್ಲು ತೆಗೆದು ಬಿಟ್ಟ ಹಳೇ ಹೊಂಡದ ಅಂಚಿಗೆ ಹೋಗಿ ಕೂರುತ್ತಿದ್ದೆ. ಕೆಂಪು ನೀರು ನಿಂತಿತ್ತು. ಒಂದು ಕಪ್ಪೆಯೂ ಇರಲಿಲ್ಲ. ನನ್ನೊಳಗೂ ಹಾಗೆಯೇ, ಏನೂ ಅಲುಗಾಡುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು ಅಷ್ಟು ಜನರಿಗೆ ಓದಿ ಹೇಳಿದ ಆ ಸುಖ ಲೋಕದಲ್ಲಿ ಎಲ್ಲೋ ಇರಬಹುದು, ನನಗಾಗಿ ಮಾತ್ರ ಇಲ್ಲ ಎಂದು ಗಟ್ಟಿಯಾಯಿತು.

ಆಗಲೇ ತಂಗಿಯಿಂದ ಹೇಳಿಕೆ ಬಂತು. ಎರಡನೇ ಬಾಣಂತನಕ್ಕೆ ಬಾ ಎಂದು. ಸೀರೆಗಳನ್ನೆಲ್ಲ ಕಟ್ಟಿಕೊಂಡೆ. ಎಲ್ಲವನ್ನೂ ಯಾಕೆ ಕಟ್ಟುತ್ತಿದ್ದಾಳೆ ಎಂದು ಅವರಿಗೆ ಗೊತ್ತಾಗಿರಬೇಕು. ಬಸ್ಸಿನ ತನಕ ಗಂಟು ಹೊತ್ತು ತಂದರು. "ಬರುದು ಯಾವಾಗ?" ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಬಸ್ಸು ಹೊರಟಾಗ ತಿರುಗಿ ನೋಡಲಿಲ್ಲ.

ತಂಗಿಯ ಮನೆಯಲ್ಲಿ ಮಾಸ್ಟ್ರು ಆರಾಮ ಕುರ್ಚಿಯಲ್ಲಿದ್ದರು. ಕೂದಲು ಇನ್ನೂ ಗುಂಗುರೇ. ಒಳ್ಳೆಯ ಮಾತುಗಾರರು, ಅದರಲ್ಲಿ ಸುಳ್ಳಿಲ್ಲ. ನನ್ನನ್ನು ಕೂರಿಸಿ ಎಷ್ಟು ಚಂದದಲ್ಲಿ ವಿಚಾರಿಸಿದರು! ಅಷ್ಟರಲ್ಲಿ ತಂಗಿ ಬಾವಿಯಿಂದ ಬಂದಳು. ತುಂಬಿದ ಬಸುರಿ, ಸೊಂಟದಲ್ಲಿ ಕೊಡ, ಮುಖವೆಲ್ಲ ಬೆವರು. ಮಾಸ್ಟ್ರು ಪುಸ್ತಕದಿಂದ ತಲೆ ಎತ್ತದೆ, "ಬಂದೆಯಾ? ನನಗೊಂದು ಲೋಟ ನೀರು ತಾ" ಎಂದರು. ಅವಳು ಕೊಡವನ್ನು ಇಳಿಸಿ, ಲೋಟ ತೊಳೆದು, ತಂದುಕೊಟ್ಟಳು. ಆಮೇಲೆ ಒಳಗೆ ಹೋಗಿ ಗೋಡೆಗೆ ಒರಗಿ ನಿಂತು ತಾನೊಂದು ಲೋಟ ಕುಡಿದಳು.

"ಅವರು ಯಾವಾಗಲೂ ಹೀಗೇನಾ?" ಎಂದೆ.

"ಹೇಗೆ?" ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಒಳ್ಳೆಯವರೇ ಅಕ್ಕ. ಒಂದು ಪೆಟ್ಟು ಹಾಕಿದವರಲ್ಲ."

ಅದು ಸುಳ್ಳಲ್ಲ. ನಮ್ಮ ಅಮ್ಮನಿಗೂ ಯಾರೂ ನೀರು ಮೊಗೆದು ಕೊಟ್ಟದ್ದನ್ನು ನಾನು ನೋಡಿಲ್ಲ. ಜಗಲಿಗೆ ಬರುತ್ತಿದ್ದ ಅಷ್ಟು ಹೆಂಗಸರಿಗೂ ಇಲ್ಲ. ಆ ಬಾಣಂತನ ಮುಗಿಯುವ ತನಕ ನನ್ನ ತಲೆಯಲ್ಲಿ ಒಂದೇ ಹಲಗೆ, ಅದರ ಮೇಲೆ ಒಂದೇ ತುಂಡು ಬೆಲ್ಲ.

ಮಗು ನಗಲು ಕಲಿತ ಮೇಲೆ ಹೊರಟೆ. ಬೆಳ್ಳಾರೆಯಲ್ಲಿ ಇಳಿದು ಬೇರೆ ಬಸ್ಸಿಗೆ ಕಾದು, ಪಂಜದಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಬರುತ್ತೇನೆಂದು ಹೇಳಿ ಕಳುಹಿಸಿರಲಿಲ್ಲ. ಅವರು ಇನ್ನೊಬ್ಬಳನ್ನು ತಂದಿದ್ದರೂ ತಂದಿರಬಹುದು ಎಂದು ದಾರಿಯಲ್ಲೆಲ್ಲ ಹೆದರಿಕೆ.

ಮನೆಯಲ್ಲಿ ಅವರಿರಲಿಲ್ಲ. ಕಲ್ಲಿನ ಕೆಲಸಕ್ಕೆ ಹೋಗಿದ್ದರು. ಜಗಲಿಯಲ್ಲಿ ಹಲಗೆ ಇತ್ತು. ಹಲಗೆಯ ಮೇಲೆ ಚೆಂಬು, ಅದಕ್ಕೆ ಬಾಳೆ ಎಲೆಯ ಮುಚ್ಚಳ. ಪಕ್ಕದಲ್ಲಿ ಬೆಲ್ಲ, ಅದರ ಸುತ್ತ ಇರುವೆಯ ಸಾಲು.

ಬೇಲಿಯಾಚೆಯಿಂದ ನೆರೆಮನೆಯ ಹೆಂಗಸು ಕೂಗಿದಳು. "ಬಂದ್ಯಾ ಮಾರಾಯ್ತಿ? ನಿನ್ನ ಗಂಡನಿಗೆ ಹುಚ್ಚು ಹಿಡಿದಿದೆ ಅಂತ ಮಾಡಿದ್ದೆ. ದಿನಾ ಬೆಳಿಗ್ಗೆ ಹೋಗುವಾಗ ಬೆಲ್ಲ ನೀರು ಇಟ್ಟು ಹೋಗುದು. ಯಾರಿಗೆ ಅಂತ ಕೇಳಿದ್ರೆ, ಅವಳು ಯಾವ ಬಸ್ಸಿಗೆ ಬರ್ತಾಳೆ ಅಂತ ಗೊತ್ತಿಲ್ಲ ಅಂತಾರೆ."

ನಾನು ಗಂಟನ್ನು ಜಗಲಿಯ ಮೇಲೆ ಇಳಿಸಿದೆ.

"ಮತ್ತೆ ನೀನಾದ್ರೂ ಎಂಥವಳು? ಗಂಡನ ಮನೆಯ ಬೆಲ್ಲ ಅಷ್ಟು ಕಹಿಯಾ? ಅವಳಿಗೆ ಈ ಮನೆ ಬೇಡ, ಬೆಲ್ಲ ಮುಟ್ಟುದೇ ಇಲ್ಲ ಅಂತ ನಿನ್ನ ಗಂಡ ನಮ್ಮವರ ಹತ್ರ ಹೇಳಿ ಕಣ್ಣೊರೆಸಿಕೊಂಡ್ರಂತೆ."

ನಾನು ಹಲಗೆಯ ಪಕ್ಕ ಕುಳಿತೆ. ಇರುವೆಗಳನ್ನು ಊದಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಗಂಟಲು ಕಟ್ಟಿತು, ಆದರೆ ಬೆಲ್ಲಕ್ಕಲ್ಲ. ಎರಡು ಮಳೆಗಾಲ ನಾನು ಆ ಮನುಷ್ಯನಿಗೆ ದಿನವೂ, ನೀನು ಬೇಡ, ನೀನು ಬೇಡ ಎಂದು ಹೇಳುತ್ತಿದ್ದೆ, ನನ್ನನ್ನು ಬೇಕು ಎನ್ನುವುದಿಲ್ಲವಲ್ಲ ಎಂದು ಅಳುತ್ತಲೇ. ಅವರು ಮಾತ್ರ ಮರುದಿನ ಮತ್ತೆ ಇಡುತ್ತಿದ್ದರು.

ಅವರು ಬರುವ ಹೊತ್ತಿಗೆ ನಾನೇ ಹೊಸ ನೀರು ತುಂಬಿ, ಡಬ್ಬಿಯಿಂದ ಇನ್ನೊಂದು ತುಂಡು ಬೆಲ್ಲ ತೆಗೆದು ಹಲಗೆಯ ಮೇಲೆ ಇಟ್ಟಿದ್ದೆ. ಅಂಗಳದಲ್ಲಿ ನಿಂತು ಅವರು ಮೊದಲು ನನ್ನನ್ನು, ಆಮೇಲೆ ಹಲಗೆಯನ್ನು ನೋಡಿದರು. ಹುಬ್ಬು, ಕಿವಿ, ಎಲ್ಲ ಕೆಂಪು ದೂಳು.

"ಇದೆಂತ? ನಾನು ನೆಂಟನಾ?" ಎಂದರು.

ನಾನು ಅಂದು ಕೇಳಿದ್ದು ಅವರಿಗೆ ಕೇಳಿಸಿತ್ತು! "ನೀವು ನನಗೆ ಯಾಕೆ ಇಡ್ತಿದ್ದದ್ದು, ಅದನ್ನು ಹೇಳಿ ಮೊದಲು" ಎಂದೆ. ಇಷ್ಟು ವರ್ಷ ಓದಿದ ಸಾಲುಗಳಲ್ಲಿ ಒಂದಾದರೂ ಆ ಬಾಯಿಂದ ಬಂದೀತೇನೋ ಎಂದು ಆಗಲೂ ಕಾದೆ ನೋಡಿ.

ಅವರು ತಲೆ ಕೆರೆದುಕೊಂಡರು. "ಬಿಸಿಲಲ್ಲಿ ಬರುದಲ್ವಾ" ಎಂದರು.

ಅಷ್ಟೇ. ಮತ್ತೇನೂ ಇರಲಿಲ್ಲ.

ಮತ್ತೆ ನಮಗೆ ಒಬ್ಬ ಮಗ ಹುಟ್ಟಿದ. ಅವನು ಶಾಲೆಗೆ ಹೋಗುವಷ್ಟರಲ್ಲಿ ಅವರು ಹೋಗಿಬಿಟ್ಟರು. ನಾನು ಸಿಟ್ಟಿನಲ್ಲಿ ಕಳೆದ ಆ ಎರಡು ಮಳೆಗಾಲ ನನಗೆ ಈಗಲೂ ಬೇಕು. ಯಾರ ಹತ್ತಿರ ಕೇಳುವುದು?

ಆದರೆ ಆ ಸಂಜೆ ಅವರು ಕೈಕಾಲು ತೊಳೆದು ಬಂದು ನನ್ನ ಎದುರಿಗೆ ಕುಳಿತು, ಬೆಲ್ಲವನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿದರು. ಕಾದಂಬರಿಯವನಾಗಿದ್ದರೆ ದೊಡ್ಡ ತುಂಡನ್ನು ನನಗೆ ಕೊಡುತ್ತಿದ್ದ. ಇವರು ಎರಡನ್ನೂ ಒಮ್ಮೆ ನೋಡಿ, ಸಣ್ಣದನ್ನು ನನ್ನ ಕೈಗೆ ಹಾಕಿ, ದೊಡ್ಡದನ್ನು ತಾವೇ ಬಾಯಿಗೆ ಎಸೆದುಕೊಂಡರು.

"ನೀನು ಆಗಲೇ ಒಂದು ತಿಂದಿದ್ದೀಯಲ್ಲ" ಎಂದರು.