ನೆಪವಿಲ್ಲದ ನಡಿಗೆ

ನಮ್ಮ ಅಕ್ಕನಿಗೆ ನಡೆಯುವುದಕ್ಕೆ ಒಂದು ನೆಪ ಬೇಕಾಗಿತ್ತು. ಈಗಿನವರಿಗೆ ಈ ಮಾತು ಅರ್ಥವಾಗುವುದು ಕಷ್ಟ. ಆಗ ಮೈಸೂರಿನಲ್ಲಿ ಗಂಡಸರು ಬೆಳಿಗ್ಗೆ ಕೋಟು ತೊಟ್ಟು, ಕೈಯಲ್ಲೊಂದು ಕೋಲು ಹಿಡಿದು ವಾಕಿಂಗ್ ಹೊರಟರೆ ಅದು ದೊಡ್ಡಸ್ತಿಕೆ. ಮದುವೆಯಾದ ಹೆಂಗಸು ಕೈಯಲ್ಲಿ ಚೀಲವಿಲ್ಲದೆ, ತಟ್ಟೆಯಲ್ಲಿ ಹಣ್ಣುಕಾಯಿ ಇಲ್ಲದೆ, ಲಕ್ಷ್ಮೀಪುರಂನ ರಸ್ತೆಯಲ್ಲಿ ಸುಮ್ಮನೆ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮನೆಯಲ್ಲಿ ಜಗಳವಾಗಿರಬೇಕು ಎಂದು ಜನ ತೀರ್ಮಾನಿಸುತ್ತಿದ್ದರು. ಗೇಟಿಗೊಬ್ಬರು ನಿಂತು ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಿದ್ದರು. ಎಲ್ಲಿಗೂ ಇಲ್ಲ ಎಂದರೆ ಅದನ್ನು ಯಾರೂ ಉತ್ತರವೆಂದು ಒಪ್ಪುತ್ತಿರಲಿಲ್ಲ.

ನಾನು ಅವಳ ತಂಗಿ. ನಮ್ಮ ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಮ್ಮ ಕೊಡಗಟ್ಟಲೆ ನೀರು ಕುಡಿದು ಕುಡಿದು ಸೊರಗಿ ಹೋದಳಂತೆ. ಊರಿನಲ್ಲಿ ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಿದರಂತೆ. ಅಪ್ಪ ಊರಿನಲ್ಲೇ ಉಳಿದರು. ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೈಸೂರಿನ ತನ್ನ ಗಂಡನ ಮನೆಗೆ ಕರೆದುಕೊಂಡು ಬಂದಳು. ಭಾವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ತಾಯಿಯಿಲ್ಲದ ಹುಡುಗಿ ಎಂದು ಆಕೆ ನನಗೆ ಒಂದು ತುತ್ತು ಹೆಚ್ಚಾಗಿಯೇ ಹಾಕಿದರು.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು. ನಾನು ಕಾಲೇಜಿಗೆ ಸೇರಿದ್ದೆ. ಬಹಳ ಕಾದ ಮೇಲೆ ಹುಟ್ಟಿದ ಅಕ್ಕನ ಮಗಳಿಗೆ ಆಗ ಮೂರು ವರ್ಷ. ಆ ಬೇಸಿಗೆಯಲ್ಲಿ ಅಕ್ಕ ಪದೇ ಪದೇ ನೀರು ಕುಡಿಯುವುದನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ. ಅವಳಿಗೆ ಅನ್ನಿಸಿತು. ತಾನೇ ಭಾವನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಸಕ್ಕರೆ ಕಾಯಿಲೆ ಎಂದು ಹೇಳಿಸಿಕೊಂಡು ಬಂದಳು.

ಅತ್ತೆ ನಂಬಲಿಲ್ಲ. "ಅದು ಸಾವ್ಕಾರ್ರಿಗೆ ಬರೋ ಕಾಯ್ಲೆ ಕಣವ್ವ. ನಮ್ಗೆಂಗ್ ಬಂತು?" ಎಂದರು.

ಆ ಸಂಜೆ ಅಕ್ಕ ಬಟ್ಟೆ ಮಡಿಸುತ್ತ ನನಗೊಬ್ಬಳಿಗೇ ಹೇಳಿದಳು: "ಅಮ್ಮಂಗೂ ಇದೇ ಬಂದಿತ್ತು ಕಣೆ. ನೀನಂತೂ ನನ್ನ ಹತ್ರ ಬಂದೆ. ನಾನ್ ಹೋದ್ರೆ ಈ ಮಗು ಯಾರ ಹತ್ರ ಹೋಗ್ಬೇಕು? ನಾನು ಇರ್ಬೇಕು. ಏನ್ ಮಾಡು ಅಂದ್ರೂ ಮಾಡ್ತೀನಿ." ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಅಳದೆ ಬಟ್ಟೆ ಮಡಿಸಿಟ್ಟಳು.

ಮಾಡಬೇಕಾದದ್ದು ಬೇಕಾದಷ್ಟಿತ್ತು. ದಿನಾ ಸೂಜಿ ಚುಚ್ಚಿಕೊಳ್ಳಬೇಕು, ಸಿಹಿ ಮುಟ್ಟಬಾರದು, ಅನ್ನ ಕಡಿಮೆ ಮಾಡಿ ರಾಗಿ, ಸೊಪ್ಪು, ಹಾಗಲಕಾಯಿ ತಿನ್ನಬೇಕು, ದಿನಾ ನಡೆಯಬೇಕು. ಎಲ್ಲಕ್ಕಿಂತ ಮೊದಲು ರಾಗಿಯ ರಗಳೆ ಶುರುವಾಯಿತು. ನಾವೆಲ್ಲ ಹೊಲದವರ ಮನೆಯಿಂದ ಬಂದವರು, ರಾಗಿ ಹಿಟ್ಟು ತಿಂದೇ ಬೆಳೆದವರು. ಆದರೆ ಪಟ್ಟಣಕ್ಕೆ ಬಂದು ಅನ್ನದವರಾಗಲು ಆ ಮನೆಯವರು ಒಂದು ತಲೆಮಾರು ಪಾಡುಪಟ್ಟಿದ್ದರು. ನೆಂಟರ ಪಂಕ್ತಿಯಲ್ಲಿ ಸೊಸೆಯೊಬ್ಬಳ ಎಲೆಯ ಮೇಲೆ ಮುದ್ದೆ ಕೂತರೆ ಮರ್ಯಾದೆಯ ಪ್ರಶ್ನೆ. ಅಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಕೂತು ಉಣ್ಣಲು ಶುರುಮಾಡಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಬಾಯಿ ಆಗಲೂ ಜೋರು. ಒಂದು ಹಬ್ಬದ ದಿನ ನೆಂಟರ ಎದುರಿಗೇ ನನಗೂ ಮುದ್ದೆ ಬೇಕು ಎಂದು ಕೇಳಿ ಹಾಕಿಸಿಕೊಂಡೆ. ಅತ್ತೆ ನನ್ನನ್ನು ಕಣ್ಣಲ್ಲೇ ಸುಟ್ಟರು. ಮಾರನೆಯ ವಾರದಿಂದ ಅಕ್ಕನ ಮಣೆ ನಡುಮನೆಗೆ ಬಂತು.

ಇನ್ನೊಂದು ರಗಳೆ ಗಾಜಿನ ಕೊಳವೆಯದು. ಆಗ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಳ್ಳಬೇಕಾಗಿತ್ತು. ನೀಲಿ ದ್ರಾವಣಕ್ಕೆ ಕೆಲವು ತೊಟ್ಟು ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ ಬಣ್ಣ ತಿರುಗುತ್ತಿತ್ತು. ನೀಲಿಯಾಗಿಯೇ ಉಳಿದರೆ ಒಳ್ಳೆಯದು, ಹಸಿರಾದರೆ ಪರವಾಗಿಲ್ಲ, ಇಟ್ಟಿಗೆಯ ಕೆಂಪಾದರೆ ಕೆಟ್ಟಿತು. ಬೆಂಕಿಯ ಮೇಲೆ ಅಂಥದ್ದನ್ನು ಇಡುವುದೇ ಎಂದು ಅತ್ತೆ ಹಿತ್ತಲಿನ ಬಚ್ಚಲಿಗೆ ಆ ಸಾಮಾನನ್ನೆಲ್ಲ ಗಡೀಪಾರು ಮಾಡಿದರು. ಆದರೆ ದಿನಾ ಬೆಳಿಗ್ಗೆ ಬಾಗಿಲ ಸಂದಿಯಿಂದ, "ಇವತ್ತು ಯಾವ್ ಬಣ್ಣ ಬಂತವ್ವ?" ಎಂದು ಕೇಳುವವರೂ ಅವರೇ.

ನಡಿಗೆಗೆ ದಾರಿ ತೋರಿಸಿದವರೂ ಅತ್ತೆಯೇ. ನಮ್ಮ ಬೀದಿ ದಾಟಿದರೆ ಒಂದು ಅಶ್ವತ್ಥಕಟ್ಟೆ ಇತ್ತು. "ಅಲ್ಲೋಗಿ ಪ್ರದಕ್ಷಿಣೆ ಆಕು ಕಣವ್ವ. ನಡದಂಗೂ ಆಯ್ತದೆ, ಪುಣ್ಯಾನೂ ಬತ್ತದೆ. ಯಾರೂ ಏನೂ ಅನ್ನಾಕಿಲ್ಲ" ಎಂದರು. ಆ ಉಪಾಯ ಕೇಳಿ ನಾವೆಲ್ಲ ಮೆಚ್ಚಿಕೊಂಡೆವು. ಅಕ್ಕ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ತಲೆಗೂದಲ ತುದಿಗೆ ಗಂಟು ಹಾಕಿ, ತಂಬಿಗೆ ನೀರು ಹಿಡಿದು ಹೊರಟರೆ ಅರ್ಧ ಗಂಟೆಗೂ ಮೀರಿ ಸುತ್ತುತ್ತಿದ್ದಳು. ಗಂಡು ಮಗುವಿಗೆ ಹರಕೆ ಹೊತ್ತಿದ್ದಾಳೆ ಎಂದು ಬೀದಿಯವರು ತಿಳಿದರು. ಮುದುಕಿಯರು ತಲೆ ಸವರಿ ಹರಸುತ್ತಿದ್ದರು. ಅಕ್ಕ ಮನೆಗೆ ಬಂದು ಅದನ್ನು ಹೇಳಿ ನಗುತ್ತಿದ್ದಳು. ಕೆಲವು ತಿಂಗಳು ಬಣ್ಣ ಹಸಿರಿಗೆ ಬಂತು, ಒಂದೊಂದು ದಿನ ನೀಲಿಯೇ ಉಳಿಯಿತು, ಅವಳ ಮುಖದಲ್ಲಿ ಕಳೆ ಮರಳಿತು.

ದಸರಾ ಬಂತು. ಆ ಮನೆಯಲ್ಲಿ ಬೊಂಬೆ ಕೂರಿಸುವ ಪದ್ಧತಿ ಇತ್ತು. ಸಂಜೆಯಾದರೆ ಮಕ್ಕಳು ಗುಂಪು ಕಟ್ಟಿಕೊಂಡು, ಬೊಂಬೆ ಕೂರಿಸಿದ್ದೀರಾ ಎಂದು ಕೇಳುತ್ತ ಬರುತ್ತಿದ್ದರು. ದಿನಕ್ಕೊಂದು ತಿಂಡಿ ಮಾಡಿ ಅವರ ಕೈಗೆ ಹಾಕಬೇಕು. ರವೆ ಉಂಡೆ, ಕೊಬ್ಬರಿ ಮಿಠಾಯಿ, ಸಜ್ಜಪ್ಪ, ಎಲ್ಲವನ್ನೂ ಮಾಡುತ್ತಿದ್ದವಳು ಅಕ್ಕ. ಒಡೆದ ಉಂಡೆಯನ್ನು ಮಕ್ಕಳಿಗೆ ಕೊಡುವಂತಿಲ್ಲ, ಬಿಸಾಡುವಂತೆಯೂ ಇಲ್ಲ. ಮೊದಲ ದಿನ ಒಂದು ಒಡೆದದ್ದನ್ನು ಬಾಯಿಗೆ ಹಾಕಿಕೊಂಡಳು. ಹೇಗೂ ಕೆಟ್ಟಿತಲ್ಲ ಎಂದು ಎರಡನೆಯ ದಿನ ಎರಡು. ಆಮೇಲೆ ಒಡೆಯದೇ ಇರುವುದನ್ನೂ ತಿಂದಳು. ಕಟ್ಟೆಗೆ ಹೋಗಲು ಪುರುಸೊತ್ತಿಲ್ಲ ಎಂದಳು. ಗಾಜಿನ ಕೊಳವೆಯ ಮುಖ ನೋಡಲಿಲ್ಲ. ನಾನು ಕೇಳಿದರೆ, "ಬಣ್ಣ ನಂಗೊತ್ತು ಬಿಡೆ" ಎಂದಳು.

ವಿಜಯದಶಮಿ ಕಳೆದು ಬೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವಳು ತಲೆ ಸುತ್ತಿ ಕೂತುಬಿಟ್ಟಳು. ಬಣ್ಣ ಇಟ್ಟಿಗೆಗಿಂತ ಕೆಂಪಾಗಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಬೈದಿದ್ದು ಮುಗೀತಾ? ಹಾಗಲಕಾಯಿ ಹೆಚ್ಚಿಕೊಡು" ಎಂದಳು. ಮಾರನೆಯ ಬೆಳಿಗ್ಗೆ ಕಟ್ಟೆಗೆ ಹೋದಳು. ಸೋತವರು ಎದ್ದು ಮತ್ತೆ ಅದೇ ಕೆಲಸಕ್ಕೆ ಹೋಗುವಾಗ ಹೇಗಿರುತ್ತಾರೆ ಎಂದು ನಾನು ಆಗ ಮೊದಲು ನೋಡಿದ್ದು. ಅದರಲ್ಲಿ ಹುರುಪೇನೂ ಇರಲಿಲ್ಲ. ನಾಚಿಕೊಂಡು, ತಲೆ ತಗ್ಗಿಸಿ, ಗೋಡೆಯ ಪಕ್ಕದಲ್ಲೇ ಹೋದಳು. ಆದರೆ ಹೋದಳು.

ಪ್ರದಕ್ಷಿಣೆ ಎಂದರೆ ಬರಿಗಾಲು. ದೇವರ ಕಟ್ಟೆಯನ್ನು ಚಪ್ಪಲಿ ಹಾಕಿಕೊಂಡು ಯಾರು ಸುತ್ತುತ್ತಾರೆ? ಈ ಕಾಯಿಲೆಯವರ ಕಾಲು ಜೋಮು ಹಿಡಿಯುತ್ತದೆ, ಚುಚ್ಚಿದರೂ ತಿಳಿಯುವುದಿಲ್ಲ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಈಡುಗಾಯಿಯ ಚಿಪ್ಪಿನ ಚೂರೊಂದು ಅವಳ ಎಡಗಾಲಿನ ಎರಡನೆಯ ಬೆರಳಿಗೆ ಹೊಕ್ಕಿತ್ತು. ಅವಳು ಅದರ ಮೇಲೇ ಎಷ್ಟು ದಿನ ಸುತ್ತಿದಳೋ. ಮಗುವೇ ಅದನ್ನು ಮೊದಲು ಕಂಡದ್ದು. ಅಮ್ಮನ ಕಾಲು ವಾಸನೆ ಬರುತ್ತದೆ ಎಂದು ಮಗು ಹೇಳಿತು.

ಅರಿಶಿನ ಹಚ್ಚಿದರು. ಬೆರಳು ಊದಿತು. ಅದೇ ಬೆರಳಿನಲ್ಲಿ ಕಾಲುಂಗುರ. ಊತದಲ್ಲಿ ಬೆಳ್ಳಿ ಹುಗಿದುಹೋಗಿ ಮಾಂಸ ಕಡಿಯುತ್ತಿತ್ತು. ಅಕ್ಕಸಾಲಿಯನ್ನು ಕರೆಸಿ ಕತ್ತರಿಸೋಣ ಎಂದೆ. ಅತ್ತೆ ಅಡ್ಡ ಬರಲಿಲ್ಲ. ಬೇಡ ಎಂದವಳು ಅಕ್ಕ.

"ಅವರಿರೋವಾಗ ಕಾಲುಂಗುರ ಹೆಂಗೆ ತೆಗೀಲಿ? ಊತ ಇಳಿಯುತ್ತೆ ಬಿಡು."

"ಬೆರಳೇ ಹೋದ್ರೆ ಉಂಗುರ ಎಲ್ಲಿ ಹಾಕ್ಕೋತೀಯ?" ಎಂದು ನಾನು ಕೂಗಾಡಿದೆ. ಕೊನೆಗೆ ಭಾವ, ಆ ಮಾತು ಕಡಿಮೆಯ ಮನುಷ್ಯ, ಅವಳ ಕಾಲ ಬಳಿ ಕೂತು, "ನನಗೇನೂ ಆಗಲ್ಲ, ತೆಗೆಸ್ಬುಡು" ಎಂದರು. ಅಷ್ಟು ಹೊತ್ತಿಗೆ ಬೆರಳು ಕಪ್ಪಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಬೆರಳನ್ನು ತೆಗೆದರು. ಉಳಿದ ಕಾಲು ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಹೇಳಿದರು.

ಅಕ್ಕ ಬಹಳ ದಿನ ಹಾಸಿಗೆಯಲ್ಲೇ ಇದ್ದಳು. ಡಾಕ್ಟರು ಹೇಳಿದಂತೆ ಅವಳು ಕೇಳಿದ್ದಳು. ನಡೆ ಎಂದರು, ನಡೆದಳು. ನಡೆದದ್ದಕ್ಕೇ ಬೆರಳು ಹೋಯಿತು. ಯಾರ ಮೇಲೆ ಸಿಟ್ಟು ಮಾಡುವುದು ಎಂದು ತಿಳಿಯದೆ ನಾನು ಆ ಮರದ ಮೇಲೆ ಸಿಟ್ಟು ಮಾಡಿಕೊಂಡೆ. ಎಷ್ಟೋ ವರ್ಷ ಆ ಬೀದಿಯಲ್ಲಿ ಹೋಗಲಿಲ್ಲ. ಅತ್ತೆ ಹಗಲೆಲ್ಲ ಸೊಸೆಯ ಕಾಲ ಬಳಿ ಕೂತಿರುತ್ತಿದ್ದರು. "ನಾನೇ ಕಳಿಸ್ದೆ ಕಣವ್ವ" ಎಂದು ಒಂದು ದಿನ ಅತ್ತರು. ಅಕ್ಕ ಅವರ ಕೈ ಹಿಡಿದುಕೊಂಡು, "ನೀವು ಕಳಿಸ್ದಿದ್ರೆ ನಾನು ಮನೆಯಿಂದ ಆಚೆಗೇ ಹೋಗ್ತಿರ್ಲಿಲ್ಲ ಅತ್ತೆ" ಎಂದಳು. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜ.

ಗಾಯ ಮಾಯ್ದ ಮೇಲೆ ಡಾಕ್ಟರು ಮತ್ತೆ ನಡೆಯಿರಿ ಎಂದರು. ಬರಿಗಾಲು ಮಾತ್ರ ಕೂಡದು, ಮೆತ್ತನೆಯ ಶೂ ಹಾಕಬೇಕು. ಭಾವ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ತಂದರು. ಶೂ ಹಾಕಿಕೊಂಡು ಪ್ರದಕ್ಷಿಣೆ ಸಾಧ್ಯವಿಲ್ಲ. ಹಾಗಾಗಿ ನೆಪ ಹೋಯಿತು. ಸೀರೆಯ ಕೆಳಗೆ ಗಂಡಸರ ಶೂ, ಕೈಯಲ್ಲಿ ಏನೂ ಇಲ್ಲ. ಮೊದಲ ದಿನ ಗೇಟಿನಲ್ಲಿ ಬಹಳ ಹೊತ್ತು ನಿಂತಳು. ಅಷ್ಟರಲ್ಲಿ ಅತ್ತೆ ಸೆರಗು ಹೊದ್ದು ಬಂದು, "ನಡಿ, ನಾನೂ ಬತ್ತೀನಿ. ಯಾವಳ್ ಕೇಳ್ತಾಳೆ ನೋಡ್ತೀನಿ" ಎಂದು ಮುಂದೆ ಹೊರಟರು. ಎದುರು ಮನೆಯಾಕೆ ಎಲ್ಲಿಗೆ ಎಂದು ಕೇಳಿದರು. "ಎಲ್ಗೂ ಇಲ್ಲ ಕಣಮ್ಮ, ಸುಮ್ಕೆ" ಎಂದು ಅತ್ತೆ ದೊಡ್ಡ ದನಿಯಲ್ಲಿ ಹೇಳಿದರು.

ಬೀದಿಯ ಹುಡುಗರು ಅಕ್ಕನಿಗೆ ಡ್ರಿಲ್ ಮೇಷ್ಟ್ರು ಎಂದು ಹೆಸರಿಟ್ಟರು. ಅಕ್ಕ ಕುಂಟುತ್ತಲೇ ಕೆರೆ ಏರಿಯವರೆಗೆ ಹೋಗುವಷ್ಟಾದಳು. ನಡುವೆ ಮಗುವಿಗೆ ದಡಾರ ಬಂದು ಒಂದು ತಿಂಗಳು ಎಲ್ಲ ಬಿಟ್ಟುಹೋಯಿತು, ಮತ್ತೆ ಶುರುಮಾಡಿದಳು. ಊರಿನಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ತಿಥಿ, ವೈಕುಂಠ ಎಂದು ಮತ್ತೆ ಬಿಟ್ಟುಹೋಯಿತು. ಮತ್ತೆ ಶುರು. ಪ್ರತಿ ಸಲವೂ ಮೊದಲ ವಾರ ನರಕ ಎನ್ನುತ್ತಿದ್ದಳು. ನಾಲಗೆ ಬೇಡುತ್ತದೆ, ಕಾಲು ಬೇಡ ಎನ್ನುತ್ತದೆ, ಎರಡಕ್ಕೂ ಕಿವಿ ಮುಚ್ಚಿಕೊಂಡು ಆ ವಾರ ದಾಟಬೇಕು ಎನ್ನುತ್ತಿದ್ದಳು.

ಕೊನೆಯ ವರ್ಷ ಅವಳು ಒಂದೇ ಒಂದು ತಪ್ಪು ಮಾಡಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ದಸರಾದಲ್ಲಿ ಮಿಠಾಯಿ ಮಾಡಿ ಬೆರಳು ಕೂಡ ನೆಕ್ಕಲಿಲ್ಲ. ಮಳೆ ಬಂದ ದಿನ ನಡುಮನೆಯಲ್ಲೇ ಓಡಾಡಿದಳು. ಆ ವರ್ಷವೇ ಅವಳ ಮುಖ ಬಾತುಕೊಂಡಿತು, ಪಾದ ಊದಿತು. ಮೂತ್ರಪಿಂಡ ಸೋತಿದೆ ಎಂದರು. ಎಷ್ಟೋ ಹಿಂದೆಯೇ ಒಳಗೊಳಗೆ ಶುರುವಾದದ್ದು, ಈಗಿನ ಪಥ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಇದೆಂಥ ನ್ಯಾಯ ಎಂದು ಕೇಳಲು ನನಗೆ ಯಾರೂ ಸಿಗಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಡಾಕ್ಟರು ಭಾವನನ್ನೂ ನನ್ನನ್ನೂ ವರಾಂಡಕ್ಕೆ ಕರೆದರು. "ಇನ್ನು ಪಥ್ಯ ಏನೂ ಬೇಡ. ಅವರಿಗೆ ಇಷ್ಟವಾದದ್ದು ಕೊಡಿ" ಎಂದರು. ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಅತ್ತೆ ಮನೆಗೆ ಹೋಗಿ ಒಬ್ಬಟ್ಟು ಮಾಡಿ ತಂದರು. ಡಬ್ಬಿಯ ಮುಚ್ಚಳ ತೆಗೆದಾಗ ತುಪ್ಪದ ಪರಿಮಳ ಪಕ್ಕದ ಮಂಚದವರೆಗೂ ಹೋಯಿತು. ಒಂದು ತುಂಡು ಮುರಿದು ಸೊಸೆಯ ಬಾಯಿಯ ಹತ್ತಿರ ಹಿಡಿದು, "ತಿನ್ನವ್ವ. ಡಾಕ್ಟ್ರೇ ಯೋಳವ್ರೆ, ಏನೂ ಆಗಾಕಿಲ್ವಂತೆ" ಎಂದರು. ಅಕ್ಕ ಅದನ್ನು ನೋಡಿದಳು. ಅವಳು ಎಂಜಲು ನುಂಗಿದ್ದು ನನಗೆ ಕಾಣಿಸಿತು. ಆಮೇಲೆ ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ ನನ್ನ ಕಡೆ ತಿರುಗಿದಳು.

"ಬೇಡ ಕಣೆ. ಇವತ್ತು ತಿಂದ್ರೆ ನಾಳೆ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅದೆಷ್ಟು ಕಷ್ಟ ಅಂತ ನಿಂಗೊತ್ತಿಲ್ಲ."

ನಾನು ರಾಗಿ ಗಂಜಿ ಕುಡಿಸಿದೆ. ಒಂದೊಂದು ಚಮಚಕ್ಕೂ ನಿಲ್ಲಿಸಿ ಉಸಿರು ತೆಗೆದುಕೊಂಡು ಲೋಟ ಖಾಲಿ ಮಾಡಿದಳು. ಅದಾದ ಮೇಲೆ ಅವಳು ಏನನ್ನೂ ತಿನ್ನಲಿಲ್ಲ.

ಮಗುವಿಗೆ ಆಗ ಎಂಟು ವರ್ಷ. ಅತ್ತೆಯೂ ನಾನೂ ಸೇರಿ ಅವಳನ್ನು ಬೆಳೆಸಿದೆವು. ನನಗೆ ನಮ್ಮ ಅಮ್ಮನ ಮುಖ ನೆನಪಿಲ್ಲ. ಎಷ್ಟು ಪ್ರಯತ್ನಪಟ್ಟರೂ ಒಂದು ಸೆರಗು ಮಾತ್ರ ಬರುತ್ತದೆ, ಅದೂ ಯಾರದೋ ಏನೋ. ಅಕ್ಕನ ಮಗಳಿಗೆ ಹಾಗಲ್ಲ. ತಾಯಿ ಹೇಗೆ ನಗುತ್ತಿದ್ದಳು, ಹೇಗೆ ಗದರುತ್ತಿದ್ದಳು, ತಲೆ ಬಾಚುವಾಗ ಏನೇನು ಹೇಳುತ್ತಿದ್ದಳು ಎಂದು ಅವಳು ತನ್ನ ಮಕ್ಕಳಿಗೆ ಹೇಳುತ್ತಾಳೆ. ಪಕ್ಕದಲ್ಲಿ ಕೂತು ನಾನೂ ಕೇಳಿಸಿಕೊಳ್ಳುತ್ತೇನೆ.